ಅನ್ನ ಬಿಟ್ಟು ಮುದ್ದೆ ಹಿಡಿದರೆ ಶುಗರ್ ಇಳಿಯುತ್ತಾ? ಐಸಿಎಂಆರ್ ಅಧ್ಯಯನ ಓದಿದವರು ಬನ್ನಿ

ತಿಪಟೂರು ತೆಂಗು
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಶುಗರ್ ಇದೆ, ಅಮ್ಮನದು ಬಾರ್ಡರ್‌ನಲ್ಲಿದೆ. ಮನೆಯಲ್ಲಿ ಅಕ್ಕಿ ಬೇಯಿಸುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿದ್ದೇವೆ. ಬೆಳಗ್ಗೆ ರಾಗಿ ರೊಟ್ಟಿ ಇಲ್ಲವೇ ರಾಗಿ ದೋಸೆ, ಮಧ್ಯಾಹ್ನ ರಾತ್ರಿ ಎರಡು ಹೊತ್ತೂ ಮುದ್ದೆ. ಆದರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ.

ಮೊನ್ನೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಚೆನ್ನೈಯವರ ಜೊತೆ ಸೇರಿ ಮಾಡಿದ ಇಂಡಿಯಾಬ್ ಅನ್ನುವ ಸಕ್ಕರೆ ಕಾಯಿಲೆ ಸಮೀಕ್ಷೆಯ ವಿಷಯ ಓದಿದೆ. 2025ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದದ್ದು. ನಮ್ಮ ದೇಶದವರು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬ್‌ನಿಂದಲೇ (ಅನ್ನ, ಹಿಟ್ಟು, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ಬರುತ್ತದಂತೆ. ಅದು ಗೊತ್ತಿದ್ದದ್ದೇ. ತಲೆ ಕೆಡಿಸಿದ್ದು ಇನ್ನೊಂದು ಸಾಲು. ಒಟ್ಟು ಕಾರ್ಬ್ ಕಡಿಮೆ ಮಾಡದೆ, ಬಿಳಿ ಅನ್ನದಂಥವನ್ನು ಬಿಟ್ಟು ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ಹಿಡಿದರೆ ಸಕ್ಕರೆ ಕಾಯಿಲೆಯ ಅಪಾಯವೇನೂ ಕಡಿಮೆ ಕಾಣಲಿಲ್ಲವಂತೆ. ಹಾಗಾದರೆ ನಾವು ಇಷ್ಟು ದಿನ ಮಾಡಿದ್ದೇನು? ತಿಳಿದವರು ಹೇಳಿ.

ಮುದ್ದೆಮುನಿಯ
ರಾಗಿ ತಿಂದವ ನಿರೋಗಿ ಅಂತ ನಮ್ಮ ಮಂಡ್ಯದ ಕಡೆ ಹುಟ್ಟಿದ ಮಗುವಿಗೂ ಗೊತ್ತು. ಅದನ್ನು ಸುಳ್ಳು ಮಾಡುವುದಕ್ಕೆ ಚೆನ್ನೈಯಿಂದ ಬಂದರಾ? ಇಡ್ಲಿ ತಿನ್ನುವವರಿಗೆ ಮುದ್ದೆ ಮೇಲೆ ಹೊಟ್ಟೆಕಿಚ್ಚು ಅಷ್ಟೇ.

ತಮಾಷೆ ಬಿಡಿ. ನಮ್ಮ ತಾತ ಒಂದು ಹೊತ್ತಿಗೆ ಮೂರು ಮುದ್ದೆ ಇಳಿಸುತ್ತಿದ್ದರು. ಎಂಬತ್ತು ದಾಟಿದರೂ ಶುಗರ್ ಇರಲಿಲ್ಲ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಗದ್ದೆಯಲ್ಲಿ ಇರುತ್ತಿದ್ದರು. ನಾವು ಅದೇ ಸೈಜಿನ ಮುದ್ದೆ ತಿಂದು ಬೈಕ್ ಹತ್ತುತ್ತೇವೆ.

ಡಯಟ್ ಅಕ್ಕ
ಮುನಿಯ, ನೀನು ತಮಾಷೆ ಅಂತ ಬರೆದ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ.

ನಾನು ಮೈಸೂರಿನಲ್ಲಿ ಡಯಟಿಷಿಯನ್. ಈ ಅಧ್ಯಯನ ಪೂರ್ತಿ ಓದಿದ್ದೇನೆ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ಡಾ. ಅಂಜನಾ, ಡಾ. ಮೋಹನ್ ಅವರ ತಂಡ ಐಸಿಎಂಆರ್ ಜೊತೆ ಸೇರಿ ಮಾಡಿದ ದೊಡ್ಡ ಸಮೀಕ್ಷೆ ಇದು. ದೇಶದ ಎಲ್ಲ ರಾಜ್ಯಗಳ ಒಂದು ಲಕ್ಷ ಚಿಲ್ಲರೆ ಜನರನ್ನು ನೋಡಿದ್ದಾರೆ. ಅವರಲ್ಲಿ 18,090 ಜನರ ಊಟದ ವಿವರ ಈ ಲೇಖನದಲ್ಲಿದೆ. ದಿನದ ಕ್ಯಾಲೊರಿಯಲ್ಲಿ ಕಾರ್ಬ್ ಶೇ 62, ಕೊಬ್ಬು ಶೇ 25, ಪ್ರೋಟೀನ್ ಬರೀ ಶೇ 12. ಕಾರ್ಬ್ ಅತಿ ಜಾಸ್ತಿ ತಿನ್ನುವವರಲ್ಲಿ, ಅತಿ ಕಡಿಮೆ ತಿನ್ನುವವರಿಗಿಂತ, ಹೊಸದಾಗಿ ಪತ್ತೆಯಾದ ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ 30ರಷ್ಟು ಹೆಚ್ಚು.

ಈಗ ತಿಪಟೂರಿನವರ ಪ್ರಶ್ನೆಗೆ ಬರೋಣ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬ್ ಸುಮಾರು 78 ಗ್ರಾಂ, ಪ್ರೋಟೀನ್ 7 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ ಸುಮಾರು 70 ಗ್ರಾಂ, ಪ್ರೋಟೀನ್ ಅದೇ 7 ಗ್ರಾಂ. ರಾಗಿಯಲ್ಲಿ ನಾರು ಜಾಸ್ತಿ. ಕ್ಯಾಲ್ಸಿಯಂ ಅಂತೂ 340 ಮಿಲಿಗ್ರಾಂ ಮೇಲೆ, ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ಮೂಳೆಗೆ ರಾಗಿ ಬೇಕೇ ಬೇಕು. ಆದರೆ ಶುಗರ್ ಲೆಕ್ಕದಲ್ಲಿ ನೋಡಿದರೆ, ಒಂದು ರಾಶಿ ಪಿಷ್ಟ ತೆಗೆದು ಇನ್ನೊಂದು ರಾಶಿ ಪಿಷ್ಟ ಇಟ್ಟ ಹಾಗೆ. ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ ಅನ್ನುವುದೂ ಇದೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. ಅದೇ 100 ಗ್ರಾಂ ಅಕ್ಕಿಯ ಬದಲು 100 ಗ್ರಾಂ ತೊಗರಿಬೇಳೆ ತಿಂದರೆ? ಕಾರ್ಬ್ ಸುಮಾರು 20 ಗ್ರಾಂ ಇಳಿಯುತ್ತದೆ, ಪ್ರೋಟೀನ್ ಸುಮಾರು 15 ಗ್ರಾಂ ಏರುತ್ತದೆ. ಅಧ್ಯಯನ ಹೇಳಿದ್ದೂ ಅದನ್ನೇ. ಕ್ಯಾಲೊರಿಯಲ್ಲಿ ಶೇ 5ರಷ್ಟು ಕಾರ್ಬ್ ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನು ಇವುಗಳ ಪ್ರೋಟೀನ್ ಬಂದರೆ ಅಪಾಯ ಕಡಿಮೆ ಕಂಡಿತು. ಶೇ 5 ಅಂದರೆ, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 25 ಗ್ರಾಂ ಕಾರ್ಬ್. ದೊಡ್ಡ ವ್ರತವೇನಲ್ಲ.

ಅನುಮಾನಪ್ಪ
ಅಕ್ಕ, ಲೆಕ್ಕ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇದು ಒಂದು ಸಮಯಕ್ಕೆ ತೆಗೆದ ಸಮೀಕ್ಷೆ. ಯಾರಿಗೂ ಮುದ್ದೆ ಕೊಟ್ಟು, ಇನ್ನೊಬ್ಬರಿಗೆ ಅನ್ನ ಕೊಟ್ಟು ವರ್ಷಗಟ್ಟಲೆ ಕಾದು ನೋಡಿಲ್ಲ. ‘ಬದಲಿಗೆ ಇದು ತಿಂದರೆ’ ಅನ್ನುವುದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ. ಶುಗರ್ ಇದೆ ಅಂತ ಗೊತ್ತಾದವರು ಆಗಲೇ ಅನ್ನ ಬಿಟ್ಟಿರುತ್ತಾರೆ, ಅವರನ್ನು ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೇ ಅವರು ‘ಹೊಸದಾಗಿ ಪತ್ತೆಯಾದವರು’ ಅಂತ ಬೇರೆ ಮಾಡಿದ್ದಾರೆ. ಅದು ಒಳ್ಳೆಯ ಕೆಲಸ. ಆದರೂ ಏನು ತಿಂದಿರಿ ಅಂತ ಕೇಳಿದರೆ ಜನ ನೆನಪಿನಿಂದ ಹೇಳುತ್ತಾರೆ. ನಮ್ಮ ಚಿಕ್ಕಪ್ಪನನ್ನು ಕೇಳಿದರೆ ‘ಏನೂ ತಿನ್ನಲ್ಲಪ್ಪ, ಎರಡು ಚಪಾತಿ’ ಅನ್ನುತ್ತಾರೆ. ಸಂಜೆ ಕಾಫಿ ಜೊತೆಗಿನ ನಿಪ್ಪಟ್ಟು ಅವರ ಲೆಕ್ಕದಲ್ಲಿ ಊಟವೇ ಅಲ್ಲ.

ಜೋಳದ ತೆನೆ
ನಮ್ಮ ವಿಜಯಪುರದ ಕಡೆ ಬನ್ರಿ. ಜೋಳದ ರೊಟ್ಟಿ ಒಂದೇ ತಿನ್ನೋರು ಯಾರೂ ಇಲ್ಲ. ಜೊತೆಗೆ ಮಡಿಕೆ ಕಾಳಿನ ಪಲ್ಯ, ಇಲ್ಲವೇ ಜುಣಕ, ಶೇಂಗಾ ಚಟ್ನಿ, ಕೆನೆಮೊಸರು. ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಸೌತೆಕಾಯಿ ಬೇರೆ. ರೊಟ್ಟಿಗಿಂತ ಪಕ್ಕದ್ದೇ ಜಾಸ್ತಿ. ಅಕ್ಕಾರ ಲೆಕ್ಕ ನೋಡಿದರೆ ನಮ್ಮ ಹಿರಿಯರು ಆಗಲೇ ಪಾಸ್ ಆಗ್ಯಾರ!

ಆದರೆ ಈಗ ನಮ್ಮಲ್ಲೂ ಮದುವೆ ಊಟ ಅಂದರೆ ರೊಟ್ಟಿ ಒಂದು ತುಂಡು, ಆಮೇಲೆ ಅನ್ನ ಸಾರು, ಆಮೇಲೆ ಮತ್ತೆ ಅನ್ನ, ಮೇಲೆ ಹುಗ್ಗಿ. ಊರಲ್ಲಿ ಶುಗರ್ ಗುಳಿಗೆ ನುಂಗದ ಮನೆ ಹುಡುಕಬೇಕು.

ತಿಪಟೂರು ತೆಂಗು
ಅಕ್ಕ, ಒಂದು ಗೊಂದಲ. ಹೈದರಾಬಾದಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 2021ರಲ್ಲಿ ಹೇಳಿದ್ದು ಬೇರೆಯೇ ಇತ್ತಲ್ವಾ? ಸಿರಿಧಾನ್ಯ ತಿಂದರೆ ಖಾಲಿಹೊಟ್ಟೆ ಶುಗರ್ ಶೇ 12, ಊಟದ ನಂತರದ ಶುಗರ್ ಶೇ 15 ಇಳಿಯುತ್ತದೆ ಅಂತ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಬೇರೆ. ಮೇಳದಲ್ಲೆಲ್ಲ ಅದೇ ಬೋರ್ಡು. ಯಾವುದನ್ನು ನಂಬುವುದು?

ಡಯಟ್ ಅಕ್ಕ
ಎರಡನ್ನೂ ನಂಬಬಹುದು, ಎರಡೂ ಬೇರೆ ಪ್ರಶ್ನೆ ಕೇಳಿವೆ. ಇಕ್ರಿಸ್ಯಾಟ್‌ನವರು 11 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಅವುಗಳಲ್ಲಿ ಹಲವು ಸಣ್ಣವು. ಜನಕ್ಕೆ ಅಳೆದು ತೂಗಿ ಸಿರಿಧಾನ್ಯ ಕೊಟ್ಟು, ರಕ್ತ ಪರೀಕ್ಷೆ ಮಾಡಿದ್ದು. ಅಳತೆಯಲ್ಲಿ ತಿಂದರೆ ಅಕ್ಕಿ ಮೈದಾಗಿಂತ ಸಿರಿಧಾನ್ಯ ವಾಸಿ ಅನ್ನುವುದು ಅಲ್ಲಿಯ ಉತ್ತರ. ಇಂಡಿಯಾಬ್ ನೋಡಿದ್ದು ಜನ ತಮ್ಮ ಮನೆಯಲ್ಲಿ ನಿಜವಾಗಿ ತಿನ್ನುವುದನ್ನು. ಅಲ್ಲಿ ಅಳತೆ ಯಾರು ಮಾಡುತ್ತಾರೆ? ‘ರಾಗಿ ತಾನೇ, ಒಳ್ಳೇದು’ ಅಂತ ಇನ್ನೊಂದು ಅರ್ಧ ಮುದ್ದೆ ಇಳಿಯುತ್ತದೆ.

ನನ್ನ ಹತ್ತಿರ ಬರುವವರಲ್ಲಿ ಇದನ್ನು ದಿನಾ ನೋಡುತ್ತೇನೆ. ಒಳ್ಳೆಯದು ಅನ್ನಿಸಿದ್ದು ಜಾಸ್ತಿ ಹೋಗುತ್ತದೆ. ಬೆಲ್ಲದ ಕಥೆಯೂ ಅಷ್ಟೇ. ಸಕ್ಕರೆ ಬಿಟ್ಟೆ ಅಂತ ಹೆಮ್ಮೆಯಿಂದ ಹೇಳುವವರ ಮನೆಯಲ್ಲಿ ಬೆಲ್ಲದ ಡಬ್ಬ ವಾರಕ್ಕೊಮ್ಮೆ ಖಾಲಿ.

ಕರಾವಳಿ ಕಾಕ
ನಮ್ಮ ಕುಂದಾಪುರದ ಕುಚ್ಚಲಕ್ಕಿ ಗಂಜಿಯನ್ನು ಯಾರೂ ಕೇಳುವುದಿಲ್ಲ ಮಾರಾಯ್ರೆ. ಮೀನು ಸಾರು ಇದ್ದರೆ ಪ್ರೋಟೀನ್ ಲೆಕ್ಕವೂ ಮುಗಿಯಿತು. ಇನ್ನೊಂದು ಕೇಳಬೇಕಿತ್ತು. ರಾತ್ರಿ ಅನ್ನ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ತಿಂದರೆ ಶುಗರ್ ಏರುವುದಿಲ್ಲ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ನಿಜವಾ?

ಅನುಮಾನಪ್ಪ
ಕಾಕ, ಅದರ ಮೂಲ 2015ರ ಇಂಡೋನೇಷ್ಯಾದ ಒಂದು ಅಧ್ಯಯನ. 15 ಜನ. ಬೇಯಿಸಿದ ಅನ್ನವನ್ನು 24 ಗಂಟೆ ಫ್ರಿಜ್‌ನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ, ಜೀರ್ಣವಾಗದ ಪಿಷ್ಟ 100 ಗ್ರಾಂಗೆ 0.64 ಗ್ರಾಂನಿಂದ 1.65 ಗ್ರಾಂಗೆ ಏರಿತು. ಶುಗರ್ ಏರಿಕೆಯೂ ಸ್ವಲ್ಪ ಕಡಿಮೆಯಾಯಿತು. ಅಂದರೆ 100 ಗ್ರಾಂ ಅನ್ನದಲ್ಲಿ ಒಂದು ಗ್ರಾಂ ಪಿಷ್ಟದ ಲಾಭ! ಸುಳ್ಳಲ್ಲ. ಆದರೆ ಅದನ್ನು ನಂಬಿ ಇನ್ನೊಂದು ಸೌಟು ಹಾಕಿಸಿಕೊಂಡರೆ ಲಾಭ ಅಲ್ಲೇ ಹೋಯಿತು. ಮತ್ತೆ, ಅನ್ನ ಹೊರಗಡೆ ಇಟ್ಟು ತಂಗಳು ಮಾಡುವುದಲ್ಲ, ಬೇಗ ಆರಿಸಿ ಫ್ರಿಜ್‌ಗೆ ಇಡಬೇಕು. ಸೆಖೆಯಲ್ಲಿ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತೆ ಕುದಿಸಿದರೂ ಕಾಟ ಕೊಡುತ್ತದೆ.

ಅಡುಗೆಮನೆಯಿಂದ
ಇಷ್ಟು ಹೊತ್ತು ಓದುತ್ತಾ ಇದ್ದೆ. ಎಲ್ಲರೂ ಏನು ತಿನ್ನಬೇಕು ಅಂತ ಮಾತಾಡುತ್ತಿದ್ದೀರಿ. ಬಡಿಸುವವರು ಯಾರು ಅಂತ ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಅತ್ತೆ ಬಡಿಸುತ್ತಾರೆ. ಮಗನ ತಟ್ಟೆ ಖಾಲಿ ಕಂಡರೆ ಅವರಿಗೆ ಸಂಕಟ. ‘ಸಾಕಮ್ಮಾ’ ಅಂದರೆ ‘ಒಂಚೂರು’ ಅಂತ ಒಂದು ಸೌಟು ಬೀಳುತ್ತದೆ. ಬೇಡ ಅಂದರೆ ಅಡುಗೆ ಚೆನ್ನಾಗಿಲ್ಲವಾ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇದಕ್ಕೆ ಯಾವ ಡಯಟ್ ಚಾರ್ಟ್ ಇದೆ ಹೇಳಿ. ಇನ್ನು ಹೆಂಗಸರ ವಿಷಯ. ಗಂಡಸರು ಮಕ್ಕಳು ಉಂಡ ಮೇಲೆ ಪಾತ್ರೆಯಲ್ಲಿ ಉಳಿಯುವುದು ಅನ್ನ ಮತ್ತು ತಿಳಿಸಾರು. ಪಲ್ಯ, ಕಾಳು, ಮೊಟ್ಟೆ ಮೊದಲೇ ಮುಗಿದಿರುತ್ತದೆ. ಪ್ರೋಟೀನ್ ಶೇ 12 ಅನ್ನುವುದು ಇಡೀ ದೇಶದ ಸರಾಸರಿ ತಾನೇ? ಒಂದೇ ಮನೆಯೊಳಗೆ ಅಳೆದು ನೋಡಿ, ಆಗ ಗೊತ್ತಾಗುತ್ತದೆ.

ಡಯಟ್ ಅಕ್ಕ
ನಿಮ್ಮ ಮಾತಿಗೆ ನೂರಕ್ಕೆ ನೂರು ಅಂಕ. ನನ್ನ ಚಾರ್ಟ್ ಸೋಲುವುದು ಅಲ್ಲೇ. ಈಗೀಗ ನಾನು ಶುಗರ್ ಇರುವವರ ಜೊತೆ ಬಡಿಸುವವರನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಅತ್ತೆಯವರಿಗೆ ‘ಬಡಿಸಬೇಡಿ’ ಅಂದರೆ ನಡೆಯುವುದಿಲ್ಲ. ‘ಎರಡನೇ ಸಲ ಬಡಿಸುವಾಗ ಅನ್ನದ ಬದಲು ಪಲ್ಯದ ಪಾತ್ರೆ ತನ್ನಿ’ ಅಂದರೆ ಖುಷಿಯಾಗಿ ಕೇಳುತ್ತಾರೆ. ಬಡಿಸಿದ ತೃಪ್ತಿಯೂ ಆಯಿತು.

ನಿವೃತ್ತ ಮೇಷ್ಟ್ರು
ನನಗೆ ಎಪ್ಪತ್ತು ದಾಟಿದೆ, ಶುಗರ್ ಬಂದು ಬಹಳ ಕಾಲವಾಯಿತು. ಚರ್ಚೆ ಓದಿ ಸಂತೋಷವಾಯಿತು. ಒಂದು ವಿಷಯ ಸೇರಿಸುತ್ತೇನೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಡಾ. ಅಲ್ಪನಾ ಶುಕ್ಲಾ ಅವರ ತಂಡ ಒಂದು ಪ್ರಯೋಗ ಮಾಡಿತು. ಊಟ ಅದೇ, ಅಳತೆ ಅದೇ. ತಿನ್ನುವ ಕ್ರಮ ಮಾತ್ರ ಬೇರೆ. ಒಂದು ದಿನ ಮೊದಲು ಬ್ರೆಡ್ ಮತ್ತು ಕಿತ್ತಳೆ ರಸ, ಕಾಲು ಗಂಟೆ ಬಿಟ್ಟು ತರಕಾರಿ ಮತ್ತು ಕೋಳಿ. ಇನ್ನೊಂದು ದಿನ ಇದನ್ನೇ ಉಲ್ಟಾ. ತರಕಾರಿ ಮತ್ತು ಕೋಳಿ ಮೊದಲು ತಿಂದ ದಿನ, ಅರ್ಧ ಗಂಟೆಯ ನಂತರದ ಶುಗರ್ ಸುಮಾರು ಶೇ 29, ಒಂದು ಗಂಟೆಯ ನಂತರದ್ದು ಸುಮಾರು ಶೇ 37 ಕಡಿಮೆ ಇತ್ತು.

ಇದನ್ನು ಓದಿದಾಗ ನನಗೆ ನಮ್ಮ ಎಲೆ ಊಟ ಕಣ್ಣ ಮುಂದೆ ಬಂತು. ಮೊದಲು ಬಡಿಸುವುದು ಏನು? ಕೋಸಂಬರಿ, ಪಲ್ಯ. ಕೋಸಂಬರಿ ಅಂದರೆ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನಕಾಯಿ. ಆಮೇಲೆ ತಾನೇ ಅನ್ನ. ಹಿರಿಯರು ಎಷ್ಟು ಯೋಚನೆ ಮಾಡಿದ್ದರು ನೋಡಿ.

ಮುದ್ದೆಮುನಿಯ
ಮೇಷ್ಟ್ರೇ, ಮೊದಲು ಬಡಿಸುವುದು ನಿಜ. ಆದರೆ ಮೊದಲು ತಿನ್ನುವವರು ಯಾರು? ಅನ್ನ ಬಂದು, ಅದರ ಮೇಲೆ ತೊವ್ವೆ, ತುಪ್ಪ ಬೀಳುವವರೆಗೆ ಎಲೆ ಮುಟ್ಟಿದರೆ ಪಕ್ಕದವರು ಕಣ್ಣು ಬಿಡುತ್ತಾರೆ. ಎಲೆ ತುದಿಗೆ ಪಾಯಸವನ್ನೂ ಮೊದಲೇ ಹಾಕಿರುತ್ತಾರೆ. ನಾನಂತೂ ಅದನ್ನೇ ಮೊದಲು ನೆಕ್ಕುವುದು. ಅಲ್ಪನಾ ಮೇಡಂ ನನ್ನನ್ನು ನೋಡಿದರೆ ಉಲ್ಟಾ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು
ಹ್ಹ ಹ್ಹ. ಸರಿ ಬಿಡಪ್ಪ. ಹಿರಿಯರಿಗೆ ಜಾಸ್ತಿ ಅಂಕ ಕೊಟ್ಟೆ ಅಂತಲೇ ಇಟ್ಟುಕೋ. ಕೋಸಂಬರಿಯನ್ನು ಅನ್ನಕ್ಕೆ ಕಾಯದೆ ತಿನ್ನಬಹುದು ಅನ್ನುವುದಂತೂ ಉಳಿಯಿತಲ್ಲ.

ಅನುಮಾನಪ್ಪ
ಮೇಷ್ಟ್ರಿಗೆ ನಮಸ್ಕಾರ. ಆ ಪ್ರಯೋಗದಲ್ಲಿ ಇದ್ದದ್ದು 11 ಜನ, ಎಲ್ಲರೂ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದವರು. ಆಮೇಲೆ ಬೇರೆಯವರೂ ಇಂಥದ್ದನ್ನು ಮಾಡಿ ಹೆಚ್ಚುಕಮ್ಮಿ ಇದೇ ಉತ್ತರ ಕಂಡಿದ್ದಾರೆ, ಹಾಗಾಗಿ ತಳ್ಳಿಹಾಕುವುದಿಲ್ಲ. ಖರ್ಚಿಲ್ಲ, ತೊಂದರೆಯೂ ಇಲ್ಲ.

ಆದರೆ ‘ಊಟದ ನಡವಳಿಕೆ’ ಅನ್ನುವ ಸಂಶೋಧನೆ ಅಂದರೆ ನಾನು ಯಾಕೆ ಕಿವಿ ನಿಮಿರಿಸುತ್ತೇನೆ ಅಂತ ಹೇಳಿಬಿಡುತ್ತೇನೆ. ಚಿಕ್ಕ ತಟ್ಟೆಯಲ್ಲಿ ತಿಂದರೆ ಕಡಿಮೆ ತಿನ್ನುತ್ತೀರಿ ಅಂತ ಎಲ್ಲ ಕಡೆ ಓದಿರುತ್ತೀರಿ, ಅಲ್ವಾ? ಆ ಥರದ ಸಲಹೆಗಳನ್ನು ಜಗತ್ತಿಗೆ ಹಂಚಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್. ತಳದಿಂದ ಗುಟ್ಟಾಗಿ ತುಂಬುತ್ತಲೇ ಇರುವ ಸೂಪ್ ಬಟ್ಟಲು ಮಾಡಿ, ಜನ ಹೊಟ್ಟೆ ಕೇಳಿ ತಿನ್ನುವುದಿಲ್ಲ, ಕಣ್ಣು ನೋಡಿ ತಿನ್ನುತ್ತಾರೆ ಅಂತ ತೋರಿಸಿದವರು. ನಗೆ ತರಿಸುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಕೂಡ 2007ರಲ್ಲಿ ಅದಕ್ಕೆ ಬಂತು.

2016ರ ಕೊನೆಯಲ್ಲಿ ಅವರೇ ಒಂದು ಬರಹ ಹಾಕಿದರು. ಮೊದಲ ಊಹೆ ಫಲ ಕೊಡದ ಒಂದು ಮಾಹಿತಿ ರಾಶಿಯನ್ನು ವಿದ್ಯಾರ್ಥಿನಿಗೆ ಕೊಟ್ಟು, ಇದರಲ್ಲಿ ಏನಾದರೂ ಸಿಗುತ್ತಾ ಹುಡುಕು ಅಂದೆ, ಆಕೆ ಹುಡುಕಿ ಹುಡುಕಿ ಹಲವು ಲೇಖನ ಬರೆದಳು ಅಂತ ಹೊಗಳಿದರು. ಅಂಕಿಅಂಶ ಗೊತ್ತಿದ್ದವರು ಬೆಚ್ಚಿಬಿದ್ದರು. ಇಪ್ಪತ್ತು ಕಡೆ ಗುಂಡಿ ತೋಡಿದರೆ ಒಂದು ಕಡೆ ಏನಾದರೂ ಹೊಳೆಯುವುದು ಸಿಕ್ಕೇ ಸಿಗುತ್ತದೆ. ಅದನ್ನು ಚಿನ್ನ ಅನ್ನುವ ಹಾಗಿಲ್ಲ. ಹಳೆಯ ಲೇಖನಗಳನ್ನೆಲ್ಲ ಕೆದಕಿದರು. ಲೆಕ್ಕ ತಾಳೆಯಾಗದ್ದು ಒಂದೊಂದಾಗಿ ಹೊರಬಂತು. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಾಮಾ ಬಳಗದ ವೈದ್ಯಕೀಯ ಪತ್ರಿಕೆಗಳು ಒಂದೇ ದಿನ ಆರು ಲೇಖನ ವಾಪಸ್ ಪಡೆದವು. ಸಂಶೋಧನೆಯಲ್ಲಿ ದುರ್ನಡತೆ ಆಗಿದೆ ಅಂತ ವಿಶ್ವವಿದ್ಯಾಲಯ ಹೇಳಿತು. ಅವರು ರಾಜೀನಾಮೆ ಕೊಟ್ಟರು.

2015ರಲ್ಲಿ ಜಾನ್ ಬೊಹಾನನ್ ಅನ್ನುವ ಪತ್ರಕರ್ತ ಇದನ್ನೇ ಬೇಕಂತಲೇ ಮಾಡಿ ತೋರಿಸಿದ್ದರು. 15 ಜನ, 18 ಬಗೆಯ ಅಳತೆ. ಯಾವುದಾದರೂ ಒಂದರಲ್ಲಿ ವ್ಯತ್ಯಾಸ ಕಂಡೇ ಕಾಣುತ್ತದೆ ಅಂತ ಗೊತ್ತಿತ್ತು. ‘ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ’ ಅಂತ ಲೇಖನ ಬಂತು. ಜಗತ್ತಿನ ಪತ್ರಿಕೆಗಳು ಖುಷಿಯಿಂದ ಅಚ್ಚು ಹಾಕಿದವು. ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು.

ಅಡುಗೆಮನೆಯಿಂದ
ಅಯ್ಯೋ, ನಾನು ಚಿಕ್ಕ ತಟ್ಟೆ ಸೆಟ್ ಕೊಂಡಾಗಿದೆ!

ದೂರದೂರು
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಅನುಮಾನಪ್ಪನವರೇ, ನಿಮಗೂ ಇಷ್ಟವಾಗುವ ಒಂದು ಪ್ರಯೋಗ ಇದೆ. 2019ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಕೆವಿನ್ ಹಾಲ್ ಮಾಡಿದ್ದು. 20 ಜನ, 28 ದಿನ ಆಸ್ಪತ್ರೆಯಲ್ಲೇ ವಾಸ. ನೆನಪಿನ ಲೆಕ್ಕ ಇಲ್ಲ, ತಿಂದದ್ದೆಲ್ಲ ತೂಕ ಹಾಕಿದ್ದು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ತಿಂಡಿಗಳ ಊಟ, ಎರಡು ವಾರ ಮಾಮೂಲಿ ಅಡುಗೆ. ತಟ್ಟೆಯಲ್ಲಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ ಮಾಡಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡೇ ವಾರಕ್ಕೆ 0.9 ಕೆಜಿ ಏರಿದರು, ಇನ್ನೊಂದರಲ್ಲಿ ಅಷ್ಟೇ ಇಳಿದರು. ತಮಾಷೆ ಅಂದರೆ, ಎರಡೂ ಊಟ ರುಚಿಯಲ್ಲಿ ಸುಮಾರು ಒಂದೇ ಅಂತ ಅವರೇ ಹೇಳಿದ್ದರು. ಆದರೆ ಪ್ಯಾಕೆಟ್ ಊಟವನ್ನು ಬೇಗ ಬೇಗ ತಿಂದಿದ್ದರು.

2025ರಲ್ಲಿ ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದವರು 55 ಜನರ ಮೇಲೆ, ಒಂದೊಂದು ಬಗೆಯ ಊಟಕ್ಕೆ 8 ವಾರ, ಇಂಥದ್ದೇ ಪ್ರಯೋಗ ಮಾಡಿದರು. ಎರಡೂ ಊಟ ಅಲ್ಲಿನ ಸರ್ಕಾರದ ಆರೋಗ್ಯ ಸಲಹೆಗೆ ತಕ್ಕಂತೆ ಇತ್ತು. ಎರಡರಲ್ಲೂ ತೂಕ ಇಳಿಯಿತು. ಮಾಮೂಲಿ ಅಡುಗೆಯಲ್ಲಿ ಶೇ 2, ಪ್ಯಾಕೆಟ್‌ನಲ್ಲಿ ಶೇ 1.

ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಈಗ ರಾಗಿ ಕುಕೀಸ್, ಸಿರಿಧಾನ್ಯ ನೂಡಲ್ಸ್, ರಾಗಿ ಚಿಪ್ಸ್ ಎಲ್ಲ ಸಿಗುತ್ತದೆ. ನಮ್ಮವರು ಗಾಡಿ ತುಂಬ ಒಯ್ಯುತ್ತಾರೆ. ಮಕ್ಕಳು ಒಂದೇ ಸಂಜೆಗೆ ಪ್ಯಾಕೆಟ್ ಮುಗಿಸುತ್ತಾರೆ. ಆ ರಾಗಿಗೂ ಅಮ್ಮ ತಿರುವಿದ ಮುದ್ದೆಗೂ ಏನು ಸಂಬಂಧವೋ ದೇವರಿಗೇ ಗೊತ್ತು.

ಮುದ್ದೆಮುನಿಯ
ಬೇಗ ತಿಂದದ್ದೇ ತೊಂದರೆ ಅಂದರೆ ನಮ್ಮ ಕಥೆ ಮುಗಿಯಿತು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಸಾರಿಗೆ ಅದ್ದಿ ನುಂಗುವುದು. ಐದು ನಿಮಿಷಕ್ಕೆ ಊಟ ಖಲ್ಲಾಸ್.

ರಾತ್ರಿಪಾಳಿ
ಬೆಂಗಳೂರಲ್ಲಿ ಅಮೆರಿಕದ ಟೈಮಿಗೆ ಕೆಲಸ ಮಾಡುವವನು ನಾನು. ಅನ್ನ ಮುದ್ದೆ ಎಲ್ಲ ನನಗೆ ದೂರದ ಮಾತು. ರಾತ್ರಿ ಎರಡಕ್ಕೆ ಹಸಿವಾಗುತ್ತದೆ. ಮೊಟ್ಟೆ ಕಾಳು ಬೇಕು ಅನ್ನಿಸುವುದಿಲ್ಲ. ಪಫ್, ಸಮೋಸ, ಬಿಸ್ಕತ್ತು, ಸಕ್ಕರೆ ಹಾಕಿದ ಟೀ. ಬೆಳಗ್ಗೆ ಮನೆಗೆ ಬಂದು ಮಲಗಿದರೆ ಹಾರ್ನ್ ಸದ್ದು, ಪ್ರೆಷರ್ ಕುಕ್ಕರ್ ಸದ್ದು. ಐದು ಗಂಟೆ ನಿದ್ದೆ ಬಂದರೆ ಪುಣ್ಯ. ಮನಸ್ಸು ಗಟ್ಟಿ ಮಾಡು ಅಂತ ಎಲ್ಲರೂ ಬೈಯುತ್ತಾರೆ. ಇದು ಬರೀ ಮನಸ್ಸಿನ ವಿಷಯವಾ?

ಡಯಟ್ ಅಕ್ಕ
ಅಲ್ಲ ತಮ್ಮಾ. 2022ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಎಸ್ರಾ ತಸಾಲಿ ಅವರ ತಂಡ, ಆರೂವರೆ ಗಂಟೆಗಿಂತ ಕಡಿಮೆ ಮಲಗುವ, ತೂಕ ಜಾಸ್ತಿ ಇರುವ 80 ಜನರನ್ನು ತೆಗೆದುಕೊಂಡಿತು. ಅರ್ಧ ಜನಕ್ಕೆ ನಿದ್ದೆ ಹೇಗೆ ಹೆಚ್ಚಿಸಿಕೊಳ್ಳಬೇಕು ಅಂತ ಮಾತ್ರ ಹೇಳಿಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಇಲ್ಲ. ಅವರ ನಿದ್ದೆ ಸುಮಾರು 1.2 ಗಂಟೆ ಹೆಚ್ಚಿತು. ಹಾಗೆ ಹೆಚ್ಚಿಸಿಕೊಂಡವರು ಉಳಿದವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಅದೂ ಅವರವರ ಮನೆಯಲ್ಲಿ, ಅವರವರ ಹಾಸಿಗೆಯಲ್ಲಿ. ತಿಂದದ್ದನ್ನು ಅವರ ಬಾಯಿಂದ ಕೇಳಲಿಲ್ಲ, ಮೂತ್ರ ಪರೀಕ್ಷೆಯಿಂದ ದೇಹ ಖರ್ಚು ಮಾಡಿದ ಶಕ್ತಿ ಅಳೆದು, ತೂಕದ ಏರಿಳಿತ ಸೇರಿಸಿ ಲೆಕ್ಕ ಹಾಕಿದರು. ಅನುಮಾನಪ್ಪನವರು ಗಮನಿಸಬೇಕು!

270 ಕ್ಯಾಲೊರಿ ಅಂದರೆ ಒಂದು ದೊಡ್ಡ ಸಮೋಸ. ನೀನು ರಾತ್ರಿ ಎರಡಕ್ಕೆ ತಿನ್ನುವುದು ಅದನ್ನೇ. ಕೆಲಸ ಬಿಡು ಅಂತ ಹೇಳುವುದಿಲ್ಲ, ಮನೆ ಸಾಲ ಯಾರು ಕಟ್ಟುತ್ತಾರೆ. ಕಿಟಕಿಗೆ ದಪ್ಪ ಕಪ್ಪು ಪರದೆ, ಕಿವಿಗೆ ಹತ್ತಿ, ಡಬ್ಬದಲ್ಲಿ ಬೇಯಿಸಿದ ಮೊಟ್ಟೆ ಅಥವಾ ಹುರಿದ ಕಡಲೆ. ಹಸಿವಾದಾಗ ಕೈಗೆ ಸಿಗುವುದು ಅದೇ ಆಗಿರಲಿ.

ನಿವೃತ್ತ ಮೇಷ್ಟ್ರು
ತೂಕದ ಮಾತು ಬಂತಲ್ಲ, ನಮ್ಮ ಕಡೆ ಎಷ್ಟೋ ಜನ ‘ನಾನು ತೆಳ್ಳಗಿದ್ದೇನೆ, ನನಗೆ ಶುಗರ್ ಬರಲ್ಲ’ ಅಂತ ಕೂತಿರುತ್ತಾರೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮವರ ಮೈ ಹೊರಗೆ ತೆಳು, ಒಳಗೆ ದಪ್ಪ. ಅದಕ್ಕೇ ನಮಗೆ 23 ದಾಟಿದರೇ ಹುಷಾರು ಅನ್ನುತ್ತಾರೆ. ತಕ್ಕಡಿಯನ್ನು ಪೂರ್ತಿ ನಂಬಬೇಡಿ, ಟೇಪ್ ತಂದು ಸೊಂಟ ಅಳೆಯಿರಿ.

ಜೋಳದ ತೆನೆ
ಇನ್ನೊಂದು ಮಾತು. ನೀವು ಮೊಟ್ಟೆ, ಮೀನು, ಬೇಳೆ ಅಂತೀರಿ. ದುಡ್ಡು? ರೇಷನ್‌ನಲ್ಲಿ ಸಿಗೋದು ಅಕ್ಕಿ, ಅದರ ಜೊತೆ ನಿಮಗೆ ರಾಗಿ, ನಮಗೆ ಜೋಳ. ಬೇಳೆ ಅಂಗಡಿಯಲ್ಲೇ ಕೊಳ್ಳಬೇಕು. ಬಡವರ ತಟ್ಟೆಯಲ್ಲಿ ಕಾರ್ಬ್ ಜಾಸ್ತಿ ಯಾಕೆ ಅಂದರೆ ಅದೇ ಅಗ್ಗ. ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡ್ತೀವಿ ಅಂತ 2025ರ ಅಕ್ಟೋಬರ್‌ನಲ್ಲಿ ನಮ್ಮ ಸಂಪುಟ ತೀರ್ಮಾನ ಮಾಡಿತು. ಬೇಳೆ ಕೊಡೋದು ಒಳ್ಳೇದು. ಆ ಸಕ್ಕರೆ ಯಾಕೆ ಬೇಕಿತ್ತೋ?

ಅಡುಗೆಮನೆಯಿಂದ
ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರು ಮಾಡಿದ್ದು ನಿಜಕ್ಕೂ ಉಪಕಾರ. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ. ಚಿಕ್ಕಿಯಲ್ಲಿ ಶೇಂಗಾ ಇದೆ, ಸರಿ. ಬಾಳೆಹಣ್ಣು ಮತ್ತೆ ಕಾರ್ಬೇ ಅಲ್ವಾ ಅಕ್ಕ?

ಡಯಟ್ ಅಕ್ಕ
ಹೌದು. ಬೆಳೆಯುವ ಮಕ್ಕಳಿಗೆ ಬಾಳೆಹಣ್ಣಿನಿಂದ ಕೆಟ್ಟದ್ದೇನೂ ಇಲ್ಲ, ಆದರೆ ಮೊಟ್ಟೆಯಲ್ಲಿರುವ 6 ಗ್ರಾಂ ಪ್ರೋಟೀನ್‌ಗೆ ಅದು ಸಮ ಅಲ್ಲ.

ತಿಪಟೂರು ತೆಂಗು
ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಮುದ್ದೆ ಬಿಡುವವರಲ್ಲ, ಬಿಡಿಸುವ ಧೈರ್ಯ ನನಗೂ ಇಲ್ಲ. ಮೊಟ್ಟೆ ಮುಟ್ಟುವುದಿಲ್ಲ. ನಮ್ಮಲ್ಲಿ ಸೊಪ್ಪು ಕಾಳು ಹಾಕಿ ಬಸ್ಸಾರು ವಾರದಲ್ಲಿ ಮೂರು ನಾಲ್ಕು ದಿನ ಮಾಡುತ್ತಾರೆ. ಅದರಲ್ಲಿ ಕಾಳು ಇರುವುದರಿಂದ ಪ್ರೋಟೀನ್ ಸಾಕಾಗುತ್ತಲ್ವಾ?

ಡಯಟ್ ಅಕ್ಕ
ಸಾಕಾಗುತ್ತದೆ, ಪಲ್ಯ ಯಾರ ತಟ್ಟೆಗೆ ಹೋಗುತ್ತದೆ ಅನ್ನುವುದರ ಮೇಲೆ. ಬಸ್ಸಾರಿನಲ್ಲಿ ಕಾಳು ಸೊಪ್ಪು ಬೇಯಿಸಿ ನೀರು ಬಸಿಯುತ್ತೀರಿ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಪ್ರೋಟೀನ್ ಬಹುಪಾಲು, ನಾರು ಪೂರ್ತಿ ಪಲ್ಯದಲ್ಲಿದೆ. ಅಪ್ಪ ಮುದ್ದೆ ಅದ್ದುವುದು ಸಾರಿಗೆ. ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಕೂತಿರುತ್ತದೆ. ಹೌದೋ ಅಲ್ಲವೋ?

ಹಾಗಾಗಿ ಹೀಗೆ ಮಾಡಿ. ಮುದ್ದೆ ಬೇಯುವ ಹೊತ್ತಿಗೆ ಒಂದು ಬಟ್ಟಲು ಪಲ್ಯ ಕೈಗೆ ಕೊಡಿ. ಮುದ್ದೆ ಬರುವವರೆಗೆ ಅದು ಮುಗಿಯಲಿ. ಮೇಷ್ಟ್ರು ಹೇಳಿದ ಕ್ರಮವೂ ಆಯಿತು. ಆಮೇಲೆ ಮುದ್ದೆ ಮುಕ್ಕಾಲು ಸೈಜು. ಕೊನೆಗೆ ಮಜ್ಜಿಗೆ ಬದಲು ಗಟ್ಟಿ ಮೊಸರು. ಬೆಳಗ್ಗೆಯ ರಾಗಿ ದೋಸೆಗೆ ಉದ್ದು ಜಾಸ್ತಿ ಹಾಕಿ, ಅಥವಾ ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ ಮಾಡಿ. ಊಟವಾದ ಮೇಲೆ ಕಾಲು ಗಂಟೆ ತೋಟದಲ್ಲಿ ಓಡಾಡಲಿ. ಟಿವಿ ಮುಂದೆ ಕೂರುವುದಕ್ಕಿಂತ ಆ ಹೊತ್ತಿನ ನಡಿಗೆ ಶುಗರ್‌ಗೆ ಜಾಸ್ತಿ ಕೆಲಸ ಮಾಡುತ್ತದೆ.

ಒಂದು ಮಾತು ನೆನಪಿರಲಿ. ಅಪ್ಪ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಊಟ ಬದಲಿಸುವ ಮೊದಲು ಅವರ ಡಾಕ್ಟರಿಗೆ ಹೇಳಿ. ಕಾರ್ಬ್ ಇಳಿಸಿ ಮಾತ್ರೆ ಹಾಗೇ ಇಟ್ಟರೆ ಶುಗರ್ ತೀರಾ ಕೆಳಗೆ ಹೋಗಿ ತಲೆಸುತ್ತು ಬರಬಹುದು. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ಅಂತಲೂ ಅವರನ್ನೇ ಕೇಳಬೇಕು.

ಮುದ್ದೆಮುನಿಯ
ಮುಕ್ಕಾಲು ಮುದ್ದೆಯಾ! ತಿಪಟೂರಿನವರೇ, ನಿಮ್ಮ ಅಪ್ಪನಿಗೆ ಈ ಚರ್ಚೆ ತೋರಿಸಬೇಡಿ. ಕಟ್ಟುವಾಗಲೇ ಚಿಕ್ಕದಾಗಿ ಕಟ್ಟಲು ಅಮ್ಮನಿಗೆ ಹೇಳಿ, ಗೊತ್ತೇ ಆಗುವುದಿಲ್ಲ.

ಅನುಮಾನಪ್ಪ
ಮುನಿಯ, ಅದೂ ವಾನ್ಸಿಂಕ್ ಥರದ ಮಾತೇ ಆಯಿತು. ಪರವಾಗಿಲ್ಲ, ನಿಮ್ಮ ಮನೆಯಲ್ಲಿ ಮೊದಲು ಮಾಡಿ ನೋಡಿ.

ಕರಾವಳಿ ಕಾಕ
ಶುಗರ್ ಆಯಿತು. ನನಗೆ ಬಿಪಿ ಇದೆ ಮಾರಾಯ್ರೆ, ಒಣಮೀನು ಬಿಡಲಿಕ್ಕೆ ಆಗುವುದಿಲ್ಲ. ಚೀನಾದ 600 ಹಳ್ಳಿಗಳಲ್ಲಿ ಉಪ್ಪಿನ ಕಾಲು ಭಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟು, ಪಾರ್ಶ್ವವಾಯು ಶೇ 14 ಕಡಿಮೆಯಾಯಿತು ಅಂತ 2021ರಲ್ಲಿ ಬಂದಿತ್ತಲ್ಲ. ಆ ಉಪ್ಪು ಇಲ್ಲೂ ಸಿಗುತ್ತದೆ. ತಗೊಳ್ಳಬಹುದಾ ಅಕ್ಕ?

ಡಯಟ್ ಅಕ್ಕ
ಕಾಕ, ಕಿಡ್ನಿ ಪರೀಕ್ಷೆ ಮಾಡಿಸಿದ್ದೀರಾ? ಬಿಪಿಗೆ ಯಾವ ಮಾತ್ರೆ? ಕೆಲವು ಬಿಪಿ ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಹಿಡಿದಿಡುತ್ತವೆ, ಅಂಥವರಿಗೆ ಈ ಉಪ್ಪು ಅಪಾಯ. ಆ ವಿವರ ಇಟ್ಟುಕೊಂಡು ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ. ಮಾತ್ರೆ ಹೆಸರು ಹಾಕುವುದು ಮರೆಯಬೇಡಿ.